ತಂಗಿಯ ಪೇಟಿಯೂ ನನ್ನ ಕಿವಿಯ ಅರಳೆಯೂ

ನನ್ನ ತಂಗಿ ನೀಲವ್ವ ಪೇಟಿ ಕಲಿಯುವಾಗ ಅವಳ ಮುಂದೆ ಕೂತು ಕೇಳುವ ಕೆಲಸವನ್ನು ಮನೆಯವರು ನನಗೆ ಹಚ್ಚಿದ್ದರು. ನಾನು ದಿನಾ ಸಂಜೆ ಕೂತೆ. ಕೇಳಲಿಲ್ಲ. ನನ್ನ ತಪ್ಪು ಇಷ್ಟೇ. ಇಷ್ಟನ್ನು ಅವಳೆದುರು ಹೇಳಲು ನನ್ನ ಮೀಸೆ ಬೆಳ್ಳಗಾಗಬೇಕಾಯಿತು.

ಪೇಟಿ ಅಂದರೆ ಹಾರ್ಮೋನಿಯಂ. ನಮ್ಮ ಬನಹಟ್ಟಿಯಲ್ಲಿ ಹಾರ್ಮೋನಿಯಂ ಅಂದರೆ ಯಾರದೋ ದೊಡ್ಡವರ ವಸ್ತು ಅನಿಸುತ್ತದೆ, ಪೇಟಿ ಅಂದರೆ ನಮ್ಮ ಮನೆಯದು ಅನಿಸುತ್ತದೆ. ಅದಕ್ಕೇ ಹಾಗೆ ಕರೆಯುತ್ತೇನೆ. ಇನ್ನು, ಕೂತೆ ಅಂದೆನಲ್ಲ, ಆ ಕೂತದ್ದು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಮೊನ್ನೆಯವರೆಗೂ ಜಮಖಂಡಿ ಕಡೆಯ ಕೆಲವು ತಂದೆತಾಯಿಗಳು ನನ್ನ ಹಾಗೆ ಕೂಡಲು ಅಭ್ಯಾಸ ಮಾಡುತ್ತಿದ್ದರು. ಆ ಪಾಪವೂ ನನ್ನ ತಲೆಯ ಮೇಲೆಯೇ ಇದೆ.

ಇದೆಲ್ಲ ಈಗ ಮತ್ತೆ ಎದ್ದು ಕೂತದ್ದು ಕಿವಿ ಡಾಕ್ಟರರ ಟ್ರೇಯಲ್ಲಿ ಕಂಡ ಒಂದು ಅರಳೆಯ ಉಂಡೆಯಿಂದ. ಹೋದ ವರ್ಷದಿಂದ ನನಗೆ ಕಿವಿ ಮಂದವಾಗಿದೆ. ಮನೆಯಲ್ಲಿ ಒಗ್ಗರಣೆಯ ಸಪ್ಪಳ ಕೇಳಿಸದೆ ಬರೇ ವಾಸನೆಯಿಂದ ಊಟದ ಹೊತ್ತು ತಿಳಿಯುವ ಹಾಗಾದಾಗ ಹೆಂಡತಿ ಕಸ್ತೂರಿ ನನ್ನನ್ನು ಜಮಖಂಡಿಗೆ ಎಳೆದುಕೊಂಡು ಹೋದಳು. ಡಾಕ್ಟರರು ಕಿವಿಯಲ್ಲಿ ದೀಪ ಬಿಟ್ಟು ನೋಡಿ, ಏನೇನೋ ಸಪ್ಪಳ ಕೇಳಿಸಿ, ಕೊನೆಗೆ ಗಟ್ಟಿಯಾಗಿ ಕೇಳಿದರು.

"ಮಗ್ಗದ ಕೆಲಸ ಎಷ್ಟ ವರ್ಷದಿಂದ?"

"ಏಳನೆತ್ತ ಮುಗಿಸಿ ಸಾಲಿ ಬಿಟ್ಟಾಗಿಂದ್ರಿ."

"ಆ ಸಪ್ಪಳಕ್ಕನ ಹೋಗ್ಯಾವ ನಿಮ್ಮ ಕಿವಿ. ಕಿವ್ಯಾಗ ಅರಳಿ ಇಟ್ಕೊಂಡ ನಿಂತಿದ್ರೂ ಒಂದಿಷ್ಟು ಉಳೀತಿದ್ವು. ಒಂದ್ಸಲಾನೂ ಇಟ್ಟಿಲ್ಲೇನು?"

"ಇಟ್ಟೇನ್ರಿ. ದಿನಾ ಇಡ್ತಿದ್ದೆ. ಆದ್ರ ಮಗ್ಗದ ಮುಂದ ಅಲ್ರಿ."

"ಮತ್ತೆಲ್ಲಿ?"

ನಾನು ಫ್ಯಾನಿನ ಕಡೆ ನೋಡಿದೆ. "ಮನ್ಯಾಗ್ರಿ," ಅಂದೆ.

ಡಾಕ್ಟರರು ಕಸ್ತೂರಿಯ ಮುಖ ನೋಡಿ ನಕ್ಕರು. ಕಸ್ತೂರಿ ನಗಲಿಲ್ಲ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಹೊಸದಾಗಿ ಕೊಟ್ಟ ಕಿವಿಯ ಮಿಷನ್ ಹಾಕಿಕೊಂಡು ನಾನು ಲೋಕದ ಸಪ್ಪಳವನ್ನೆಲ್ಲ ಕೇಳುತ್ತ ಕೂತಿದ್ದರೆ, ಮೊದಲು ಕೇಳಿಸಿದ ಮಾತೇ ಇದು: "ಹಂಗಾರ ನಾ ಮಾತಾಡುವಾಗ ಇಷ್ಟ ವರ್ಷ ಅರಳಿ ತುರಕೊಂಡ ಕುಂತಿದ್ರೇನ್ರಿ? ಅದಕ್ಕನ ಎಲ್ಲಾದಕ್ಕೂ ಹೂಂ ಅಂತಿದ್ರಿ?"

ಅಲ್ಲ ಎಂದು ಹೇಳಬೇಕಾದರೆ ನಿಜ ಹೇಳಬೇಕು. ಹೇಳಲಿಲ್ಲ. ಒಂದು ವಾರ ಸಪ್ಪನೆಯ ಸಾರು ಉಂಡೆ.

ಈಗ ನಿಮಗಾದರೂ ಹೇಳುತ್ತೇನೆ.

ಪೇಟಿ ನಮ್ಮ ಮನೆಗೆ ಬಂದದ್ದು ಬೀಳಗಿಯ ನಮ್ಮ ಅತ್ತೆಯ ಮನೆಯಿಂದ. ಅಲ್ಲಿ ಅದು ಉಪ್ಪಿನಕಾಯಿ ಭರಣಿ ಇಡುವ ಮಣೆಯಾಗಿತ್ತು. ಯಾರದು, ಯಾವ ಕಾಲದ್ದು, ಯಾರಿಗೂ ಗೊತ್ತಿರಲಿಲ್ಲ. ಅತ್ತೆಯ ಮನೆಗೆ ಹೋದಾಗ ನೀಲಿ, ಆಗ ಇನ್ನೂ ಲಂಗ ಹಾಕುವ ಹುಡುಗಿ, ಭರಣಿಯನ್ನು ಇಳಿಸಿ, ಮುಚ್ಚಳ ತೆಗೆದು, ಒಂದು ಮನೆಯ ಮೇಲೆ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಯ ಮೇಲೆ, ಬೆರಳಿಟ್ಟು ಹಿಂದಿನ ತಿದಿ ಒತ್ತಿದಳು. ಪೇಟಿ ನೆಗಡಿಯಾದ ಎಮ್ಮೆಯ ಹಾಗೆ ಒಂದು ದನಿ ತೆಗೆಯಿತು. ಅಷ್ಟಕ್ಕೇ ನೀಲಿಯ ಕಣ್ಣು ದೊಡ್ಡವಾದವು. ಊರಿಗೆ ಹೊರಡುವಾಗ ಪೇಟಿಯನ್ನು ಅಪ್ಪಿಕೊಂಡು ಬಾಗಿಲಲ್ಲಿ ಕೂತಳು. ಅತ್ತೆ, "ಒಯ್ಯಿ ತಾಯಿ, ಭರಣಿ ಇಡಾಕ ಬ್ಯಾರೆ ನೋಡ್ತೇನಿ," ಅಂದಳು.

ಬಸ್ಸಿನಲ್ಲಿ ಕಂಡಕ್ಟರ್ ಪೇಟಿಗೂ ಟಿಕೆಟ್ ತೆಗೆಸಲು ಹೇಳಿದ. ಅಪ್ಪ ತೊಡೆಯ ಮೇಲಿನ ಪೇಟಿಯನ್ನು ತಟ್ಟಿ, "ಅದಕ್ಕಿನ್ನೂ ಬಾಯಿ ಬಂದಿಲ್ರಿ, ಕೂಸದು. ಅರ್ಧಾ ಟಿಕೀಟೂ ಆಗೂದಿಲ್ಲ," ಅಂದ. ಕಂಡಕ್ಟರ್ ನಕ್ಕು ಬಿಟ್ಟ. ನಮ್ಮಪ್ಪ ಮಾತಿನಲ್ಲಿ ಹೀಗೆ ಎಲ್ಲರನ್ನೂ ಗೆಲ್ಲುತ್ತಿದ್ದ. ಮಗ್ಗದ ಮುಂದೆ ನಿಂತರೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೂ ಕೇಳಿಸುತ್ತಿರಲಿಲ್ಲ ಅನ್ನಿ.

ನಮ್ಮ ಮನೆ ಹಾಗಿತ್ತು. ಮುಂದೆ ಪಡಸಾಲೆ, ಒಂದು ಗೋಡೆ, ಗೋಡೆಯ ಆಚೆ ಕರೆಂಟಿನ ಮಗ್ಗಗಳು. ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಮಗ್ಗದ ಸಪ್ಪಳ ಸಪ್ಪಳವಲ್ಲ, ಅದು ನಿಂತರೆ ಎಚ್ಚರವಾಗುತ್ತದೆ. ಕರೆಂಟು ಇರುವಾಗ ಮಗ್ಗ ನಿಲ್ಲಿಸುವುದೆಂದರೆ ಹಾಲು ಉಕ್ಕುವಾಗ ಒಲೆ ಬಿಟ್ಟು ಎದ್ದು ಹೋದ ಹಾಗೆ. ಯಾರೂ ಮಾಡುವುದಿಲ್ಲ. ಪಡಸಾಲೆಯ ಗೋಡೆಗೆ ಹತ್ತಿಕೊಂಡು ಇದ್ದ ಮಗ್ಗ ಎಲ್ಲದಕ್ಕಿಂತ ಹಳೆಯದು. ಅದಕ್ಕೆ ನಾವು ಮುದುಕಿ ಅನ್ನುತ್ತಿದ್ದೆವು. ಅದರ ಒಂದು ಗಾಲಿಯ ಹಲ್ಲು ಸವೆದಿತ್ತು. ಹಾಗಾಗಿ ಖಟ್ ಖಟ್ ಖಟ್ ಎಂದು ಸರಿಯಾಗಿ ಹೋಗುತ್ತಿದ್ದದ್ದು ನಡುವೆ ಒಮ್ಮೆ ಎಡವಿ, ಖಟಾಕ್ ಎಂದು ಹಾರಿ, ಮತ್ತೆ ಸರಿಯಾಗಿ ಹೋಗುತ್ತಿತ್ತು. ಸೀರೆಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಆದದ್ದು ಬೇರೆ ಕಡೆ.

ನೀಲಿಗೆ ಕಲಿಸಲು ರಬಕವಿಯಿಂದ ಪೇಟಿ ಮಾಸ್ತರರು ಸೈಕಲ್ ಮೇಲೆ ಬರುತ್ತಿದ್ದರು. ಭಜನೆಗಳಿಗೆ ಪೇಟಿ ನುಡಿಸುವವರು. ತೆಳ್ಳಗೆ, ಉದ್ದಕ್ಕೆ, ಬಾಯಿಯಲ್ಲಿ ಯಾವಾಗಲೂ ಅಡಿಕೆ. ಮೊದಲ ದಿನ ಅಪ್ಪ ಕೈಕಟ್ಟಿ ನಿಂತು ಕೇಳಿದ: "ನಾವೇನ ಮಾಡಬೇಕ್ರಿ ಮಾಸ್ತರ? ಹುಡಿಗಿಗಿ ಹಾಲ ಕುಡಸೂನ? ಬದಾಮಿ ತಿನಸೂನ?"

"ಏನೂ ಮಾಡಬ್ಯಾಡ್ರಿ," ಅಂದರು ಮಾಸ್ತರರು. "ನಾ ಇಲ್ಲದ ದಿನ ಮನ್ಯಾವ್ರು ಯಾರರೆ ಒಬ್ಬರು ಮುಂದ ಕುಂಡ್ರಿ. ತಿಳೀಬೇಕಂತಿಲ್ಲ. ಹೊಗಳೂದೂ ಬ್ಯಾಡ, ಬೈಯೂದೂ ಬ್ಯಾಡ. ಕೇಳಿದ್ರ ಸಾಕು. ಕೇಳವ್ರು ಇಲ್ಲದ ಮನ್ಯಾಗ ಹುಡುಗ್ರ ಕೈ ಬೆಳೆಂಗಿಲ್ಲ."

ಇಷ್ಟು ಸೋವಿಯಾದ ಔಷಧಿ ಕೇಳಿ ಅಪ್ಪನಿಗೆ ಬಹಳ ಸಂತೋಷವಾಯಿತು. ಅವತ್ತೇ ಸಂಜೆ ತಾನೇ ಕೂತ. ಆದರೆ ಅವನು ಕೂತದ್ದು ಸೀರೆ ಪಾಸು ಮಾಡುವವನ ಹಾಗೆ. ನೀಲಿಯ ಬೆರಳು ಒಂದು ಮನೆ ತಪ್ಪಿದರೆ, "ಹಾಂ, ಅಲ್ಲೊಂದ ಎಳಿ ಹೋತ ನೋಡು. ಬಿಚ್ಚು, ಬಿಚ್ಚು, ಮೊದಲಿಂದ ನೇಯಿ," ಅನ್ನುತ್ತಿದ್ದ. ಮಗ್ಗದಲ್ಲಿ ಹೊಕ್ಕಿನ ಎಳೆಯನ್ನು ಬಿಚ್ಚಿ ಮತ್ತೆ ನೇಯಬಹುದು. ಪೇಟಿಯಿಂದ ಹೊರಗೆ ಬಿದ್ದ ದನಿಯನ್ನು ಎಲ್ಲಿಂದ ಬಿಚ್ಚುವುದು? ಮೂರು ಸಂಜೆಗೆ ನೀಲಿ ಅಳಹತ್ತಿದಳು.

ಆಮೇಲೆ ಅವ್ವ ಕೂತಳು. ಅವ್ವನಿಗೆ ಸುಮ್ಮನೆ ಕೂಡುವುದು ಗೊತ್ತಿಲ್ಲ. ಮುಂದೆ ರಾಟಿ ಇಟ್ಟುಕೊಂಡು ನೂಲು ಸುತ್ತುತ್ತ, ನಡುನಡುವೆ, "ಸಾಕ ಬಿಡ ಬೇ, ಬೆರಳ ನೊಂದಾವು. ಒಂದಿಷ್ಟ ಚುರುಮುರಿ ತಿಂದ ನುಡಸೀಯಂತ," ಅನ್ನುತ್ತಿದ್ದಳು. ಚುರುಮುರಿ ತಿಂದ ಕೈಯಿಂದ ನೀಲಿ ಪೇಟಿ ಮುಟ್ಟಿ, ಒಂದೆರಡು ಮನೆ ಎಣ್ಣೆಗೆ ಅಂಟಿ ಕೂತವು. ಮಾಸ್ತರರು ಬಂದು ಅವನ್ನು ಎಬ್ಬಿಸುವುದರಲ್ಲೇ ಅವತ್ತಿನ ಪಾಠ ಮುಗಿಯಿತು.

ಕೊನೆಗೆ ಅಪ್ಪ ನನ್ನ ಕಡೆ ತಿರುಗಿದ. "ಈರ್ಯಾ, ನೀ ಕುಂಡ್ರಲೇ. ನಿನಗೇನೂ ತಿಳೀಂಗಿಲ್ಲ, ನಡುವ ಬಾಯಿ ಹಾಕಾಕ ಬರೂದಿಲ್ಲ. ನೀನ ಬರೋಬ್ಬರಿ."

ನನ್ನ ಜೀವನದಲ್ಲಿ ಏನೂ ತಿಳಿಯದಿರುವುದಕ್ಕೆ ಸಿಕ್ಕ ಒಂದೇ ಹುದ್ದೆ ಅದು.

ಮೊದಲ ಕೆಲವು ದಿನ ಕೇಳಿದೆ ಅನ್ನಬಹುದು. ನೀವು ಹೊಸದಾಗಿ ಪೇಟಿ ಕಲಿಯುವವರ ಮುಂದೆ ಕೂತಿದ್ದೀರೋ ಇಲ್ಲವೋ ತಿಳಿಯದು. ಸ ರಿ ಗ ಮ ಅನ್ನುವುದು ಏಣಿಯ ಹಾಗೆ. ಹತ್ತುತ್ತಾರೆ, ಇಳಿಯುತ್ತಾರೆ, ಮತ್ತೆ ಹತ್ತುತ್ತಾರೆ. ಮಾಳಿಗೆ ಮಾತ್ರ ಎಂದೂ ಬರುವುದಿಲ್ಲ. ಬೆಳಗಿನಿಂದ ಮಗ್ಗದ ಮುಂದೆ ನಿಂತು ತಲೆ ಹಪ್ಪಳವಾಗಿರುತ್ತಿತ್ತು. ಅದರ ಮೇಲೆ ನೆಗಡಿಯ ಎಮ್ಮೆ ಏಣಿ ಹತ್ತಿ ಇಳಿಯುವುದನ್ನು ಕೇಳಬೇಕು. ನನಗೂ ಆಗ ಮೀಸೆ ಮೂಡುವ ವಯಸ್ಸು. ಓಣಿಯ ಕಟ್ಟೆಯ ಮೇಲೆ ಗೆಳೆಯರು ಕೂತು ನಗುವುದು ಕಿಟಕಿಯಿಂದ ಕಾಣುತ್ತಿತ್ತು.

ಒಂದು ಸಂಜೆ ದೇವರ ಜಗುಲಿಯ ಮೇಲೆ ಅವ್ವ ಬತ್ತಿ ಹೊಸೆಯಲು ಇಟ್ಟ ಅರಳೆ ಕಂಡಿತು. ಎರಡು ಚೂರು ಕಿತ್ತು ಕಿವಿಗೆ ಇಟ್ಟುಕೊಂಡೆ. ಮೇಲೆ ತಲೆಗೆ ಟವೆಲ್ ಸುತ್ತಿ ಕಿವಿ ಮುಚ್ಚಿದೆ. ಎಂಥ ಸುಖ ಅಂತೀರಿ! ಲೋಕವೆಲ್ಲ ಬಾವಿಯ ತಳಕ್ಕೆ ಇಳಿದ ಹಾಗಾಯಿತು. ನೀಲಿಯ ಬೆರಳು ಆಡುವುದು ಕಾಣುತ್ತದೆ, ತಿದಿ ಒಳಗೆ ಹೊರಗೆ ಆಗುವುದು ಕಾಣುತ್ತದೆ, ಎಮ್ಮೆ ಮಾತ್ರ ಇಲ್ಲ. ಟವೆಲ್ ಯಾಕೆಂದು ನೀಲಿ ಕೇಳಿದಳು. "ಮನಸ್ಸ ಆ ಕಡೆ ಈ ಕಡೆ ಹರೀಬಾರದವಾ," ಅಂದೆ. ಅವಳು ನನ್ನನ್ನು ಬಹಳ ಗೌರವದಿಂದ ನೋಡಿದಳು.

ಮಗ್ಗದ ಮುಂದೆ ಯಾಕೆ ಅರಳೆ ಇಟ್ಟುಕೊಳ್ಳಲಿಲ್ಲ ಎಂದು ನೀವು ಡಾಕ್ಟರರ ಹಾಗೆಯೇ ಕೇಳಬಹುದು. ಇಟ್ಟುಕೊಂಡರೆ ನಡೆಯುವುದಿಲ್ಲ. ಎಳೆ ಹರಿದದ್ದು, ಲಾಳಿ ತಪ್ಪಿದ್ದು, ಎಲ್ಲ ಮೊದಲು ಕಿವಿಗೇ ತಿಳಿಯುತ್ತದೆ. ಒಟ್ಟಿನಲ್ಲಿ ಕಿವಿ ಕೆಡಿಸುವ ಮುದುಕಿಯ ಮುಂದೆ ಕಿವಿ ಬಿಚ್ಚಿ ನಿಂತೆ, ಕಿವಿ ತಣಿಸಬಹುದಾಗಿದ್ದ ತಂಗಿಯ ಮುಂದೆ ಮುಚ್ಚಿ ಕೂತೆ.

ಜಗುಲಿಯ ಅರಳೆ ದಿನಾ ಕಡಿಮೆಯಾಗುವುದು ಅವ್ವನ ಲಕ್ಷ್ಯಕ್ಕೆ ಬಂತು. "ದೀಪಂತೂ ಹೆಚ್ಚ ಹಚ್ಚಿಲ್ಲ. ಎಲ್ಲಿ ಹೊಂಟೈತಿ ಈ ಅರಳಿ?" ಇಲಿಗಳು ಒಯ್ದು ಗೂಡು ಕಟ್ಟುತ್ತಿವೆ ಎಂದು ತೀರ್ಮಾನವಾಗಿ ಜಗುಲಿಯ ಕೆಳಗೆ ಇಲಿಬೋನು ಬಂತು. ಬೋನಿನಲ್ಲಿ ದಿನಾ ಇಡುತ್ತಿದ್ದ ಕೊಬ್ಬರಿಯನ್ನೂ ನಾನೇ ತಿಂದೆ. ಇಷ್ಟು ಹೇಳಿದ ಮೇಲೆ ಇದನ್ನು ಯಾಕೆ ಮುಚ್ಚಿಡಲಿ.

ಕೆಲವು ದಿನಗಳಾದ ಮೇಲೆ ನೀಲಿ ಇನ್ನೊಂದು ಬೇಡಿಕೆ ಇಟ್ಟಳು. "ಅಣ್ಣಾ, ನೀ ಸುಮ್ನ ಕುಂತ್ರ ಗೊಂಬಿ ಮುಂದ ನುಡಿಸಿದಂಗ ಆಗತೈತಿ. ಒಂದಿಷ್ಟ ತಲೀನರೆ ಹಾಕು." ಸರಿ, ತಲೆ ಹಾಕಿದೆ, ಅಂದರೆ ತಾಳಕ್ಕೆ ತಲೆ ಆಡಿಸಿದೆ. ಕೇಳಿಸದೆ ತಲೆ ಹಾಕುವುದು ಹೇಗೆ? ನಾನು ಆನಿಕೊಂಡಿದ್ದ ಗೋಡೆಯ ಆಚೆ ಮುದುಕಿ ಇದ್ದಳು. ಅವಳ ಪೆಟ್ಟು ಗೋಡೆಯಿಂದ ಬೆನ್ನಿಗೆ, ಬೆನ್ನಿನಿಂದ ತಲೆಗೆ ತಾನಾಗಿ ಬರುತ್ತಿತ್ತು. ಅಪ್ಪ ಆಚೆ ನೇಯುತ್ತಿದ್ದ, ನಾನು ಈಚೆ ತಲೆ ಹಾಕುತ್ತಿದ್ದೆ. ಮುದುಕಿ ಎಡವಿದಾಗ ನನ್ನ ತಲೆಯೂ ಎಡವುತ್ತಿತ್ತು. ಕರೆಂಟು ಹೋದರೆ ತಲೆ ಪೂರ್ತಿ ನಿಲ್ಲುತ್ತಿತ್ತು. ಆಗ ನೀಲಿ ಗಾಬರಿಯಾಗಿ ಏನೋ ಕೇಳುತ್ತಿದ್ದಳು. ಬರೇ ತುಟಿ ಆಡುವುದು ಕಂಡು ನಾನು ಅಂದಾಜಿನ ಮೇಲೆ, "ಇನ್ನೊಮ್ಮೆ ನುಡಸು," ಅನ್ನುತ್ತಿದ್ದೆ. ಪಾಪ, ಮೊದಲಿಂದ ನುಡಿಸುತ್ತಿದ್ದಳು. ಇದನ್ನು ಕೇಳಿ ಮಾಸ್ತರರು, "ಅಣ್ಣ ಭಾಳ ಖಡಕ್ ಅದಾನ. ಹಿಂಗ ಇರಬೇಕು," ಅಂದರು.

ಹೀಗೆ ವರ್ಷಗಳು ಹೋದವು. ನೀಲಿಯ ಕೈ ತಿರುಗಿತು. ಓಣಿಯವರು ಪಡಸಾಲೆಯ ಬಾಗಿಲಲ್ಲಿ ನಿಂತು ಹೋಗತೊಡಗಿದರು. ನಾನು ನಿಂತವರನ್ನು ನೋಡಿ, ಓಹೋ ಛಲೋ ನುಡಿಸುತ್ತಿರಬೇಕು ಎಂದು ತಿಳಿದುಕೊಳ್ಳುತ್ತಿದ್ದೆ.

ಮುಧೋಳದಲ್ಲಿ ಮಾಸ್ತರರ ಪರಿಚಯದವರ ಹೊಸ ಮನೆಯ ವಾಸ್ತುಶಾಂತಿ. ಸಂಜೆ ಭಜನೆ. ಮಾಸ್ತರರು, "ನೀಲವ್ವ ಒಂದು ಹಾಡಿಗಿ ಪೇಟಿ ಹಿಡೀಲಿ," ಅಂದರು. ಅವ್ವ ಅವಳಿಗೆ ಇಳಕಲ್ ಸೀರೆ ಉಡಿಸಿದಳು. ಅವಳು ಮೊದಲ ಸಲ ಸೀರೆ ಉಟ್ಟದ್ದು ಅವತ್ತು. ಕೂಡುವ ಮೊದಲು ನನ್ನ ಕಡೆ ಬಂದು, "ಅಣ್ಣಾ, ಮುಂದ ಕುಂಡ್ರು," ಅಂದಳು. ಹೂಂ ಅಂದೆ. ಅಷ್ಟರಲ್ಲಿ ಹಿತ್ತಲಿನಿಂದ ಗೋಧಿ ಹುಗ್ಗಿಯ ವಾಸನೆ ಬಂತು. ಒಂದು ತಾಟು ಉಂಡು ಬರೋಣ ಎಂದು ಹೋದೆ. ಹುಗ್ಗಿಯ ಮೇಲೆ ತುಪ್ಪ ಹಾಕುವವನು ಕೈ ಬಿಚ್ಚಿ ಹಾಕುತ್ತಿದ್ದ. ಪೇಟಿ ಕೇಳಿಸಲಿಲ್ಲ. ನಗೆ ಕೇಳಿಸಿತು.

ಬಂದು ನೋಡಿದರೆ ತಬಲಾದವರು ಕೈ ಎತ್ತಿ ಕೂತಿದ್ದರು. ದಪ್ಪನೆಯ, ಒಳ್ಳೆಯ ಮನಸ್ಸಿನ ಮನುಷ್ಯ. ಕೆಟ್ಟದ್ದಕ್ಕೆ ಅಂದದ್ದಲ್ಲ. "ಏ ತಂಗಿ, ನಡುನಡುವ ನಿನ್ನ ಪೇಟಿ ಎಡವತೈತಲ್ಲವಾ. ನಾ ಎಲ್ಲಿ ನಿಂತ ಕಾಯ್ಲಿ ಹೇಳು, ಅಲ್ಲೇ ನಿಲ್ತೇನಿ," ಅಂದಿದ್ದರು. ಜನ ನಕ್ಕರು. ನೀಲಿ ನಗುವ ಜನರ ನಡುವೆ ನನ್ನ ತಲೆಯನ್ನು ಹುಡುಕುತ್ತಿದ್ದಳು. ಆಮೇಲೆ ತಿದಿಯನ್ನು ಮೆಲ್ಲಗೆ ಮುಚ್ಚಿ, ಕೊಕ್ಕೆ ಹಾಕಿ, ಎದ್ದಳು.

ಊರಿಗೆ ಮರಳುವಾಗ ಬಸ್ಸು ಮಹಾಲಿಂಗಪುರಕ್ಕೆ ಬಂತು. ಅಲ್ಲಿ ನಿಂತಾಗ ನೀಲಿ ನನ್ನ ಕಡೆ ತಿರುಗಿದಳು.

"ಅಣ್ಣಾ, ಖರೆ ಹೇಳು. ದಿನಾ ಮುಂದ ಕುಂತ ಕೇಳಾಂವ ನೀ. ಒಮ್ಮೊಮ್ಮೆ ನನಗೂ ಎಡವಿದಂಗ ಕೇಳ್ತಿತ್ತು. ನಾ ದಿನಾ ಹಂಗ ಎಡವತಿದ್ನೇನು?"

ಅಲ್ಲಿ ಹೇಳಬೇಕಿತ್ತು. ಬಾಯಿಯಲ್ಲಿ ಇನ್ನೂ ಹುಗ್ಗಿಯ ಸಿಹಿ ಇತ್ತು. "ಇಲ್ಲವಾ. ನನಗ ಛಲೋನ ಕೇಳ್ತಿತ್ತು," ಅಂದೆ.

"ಹಂಗಾರ ನನ್ನ ಕಿವಿನ ಕೆಟ್ಟೈತಿ," ಅಂದಳು.

ನನ್ನ ಮೇಲಿನ ನಂಬಿಕೆ ಉಳಿಸಿಕೊಳ್ಳಲು ತನ್ನ ಕಿವಿಯನ್ನೇ ಬಿಟ್ಟುಕೊಟ್ಟಳು ನೋಡಿ. ಮರುದಿನದಿಂದ ಪೇಟಿ ಮುಟ್ಟಲಿಲ್ಲ. ಅವ್ವ ಅದರ ಮೇಲೆ ಮಡಿಚಿದ ಕೌದಿ ಇಟ್ಟಳು. ಕೌದಿಯ ಮೇಲೆ ಬೆಕ್ಕು ಮಲಗಿತು. ಸಂಜೆ ಆದರೆ ನನಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕಟ್ಟೆಯ ಮೇಲೆ ಗೆಳೆಯರ ಜೊತೆ ಹೋಗಿ ಕೂತರೆ ನಗು ಬರುತ್ತಿರಲಿಲ್ಲ. ಕಿವಿ ಎರಡೂ ಬಿಚ್ಚಿಕೊಂಡೇ ಇದ್ದವು, ಕೇಳಲು ಏನೂ ಇರಲಿಲ್ಲ.

ಒಂದು ದಿನ ಮಾಸ್ತರರೇ ಬಂದರು. ಅವ್ವ ಚಹಾ, ಚುರುಮುರಿ ಕೊಟ್ಟಳು. ಅವರು ನನ್ನ ಜಾಗದಲ್ಲೇ, ಅದೇ ಗೋಡೆಗೆ ಆನಿಕೊಂಡು ಕೂತು ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡರು. ಕುಡಿಯಲು ಎತ್ತಿದವರು ಕೈಯನ್ನು ಅಲ್ಲೇ ಹಿಡಿದರು. ಬಸಿಯಲ್ಲಿ ಚಹಾ ನಡುಗುತ್ತಿತ್ತು. ನಡುಗಿತು, ನಡುಗಿತು, ಒಮ್ಮೆ ಟಣ್ಣನೆ ಹಾರಿತು. ಮತ್ತೆ ನಡುಗಿತು. ಮಾಸ್ತರರು ಬಸಿ ನೋಡುತ್ತ ತೊಡೆಯ ಮೇಲೆ ತಾಳ ಹಾಕಿದರು. ಹಾರುವ ಕಡೆ ಅವರ ಕೈಯೂ ಎಡವಿತು.

"ಸಿಕ್ಕ ನೋಡ್ರಿ ಕಳ್ಳ!" ಎಂದು ಕೂಗಿದರು. "ಗ್ವಾಡಿ ಹಿಂದ ಯಾವ ಮಗ್ಗರೀ ಅದು?"

"ನಮ್ಮ ಮುದುಕಿರಿ," ಅಂದ ಅಪ್ಪ.

"ನಿಮ್ಮ ಹುಡಿಗಿ ಇಷ್ಟ ವರ್ಷ ನನ್ನ ಕಡೆ ಕಲ್ತಿಲ್ಲ ಯಜಮಾನ್ರ, ಈ ಮುದುಕಿ ಕಡೆ ಕಲ್ತಾಳ!"

ಎಲ್ಲರೂ ನಕ್ಕರು. ನೀಲಿ ಮಾತ್ರ ನಗದೆ ಮೆಲ್ಲಗೆ ಅಂದಳು: "ಮಗ್ಗದ ಕಡೆ ನನ್ನ ಲಕ್ಷ್ಯನ ಇರ್ತಿರಲಿಲ್ರಿ ಮಾಸ್ತರ. ನಾ ಅಣ್ಣನ ತಲಿ ನೋಡ್ಕೋತ ನುಡಸ್ತಿದ್ದೆ."

ಮನೆಯ ಕಣ್ಣೆಲ್ಲ ನನ್ನ ತಲೆಯ ಮೇಲೆ ಬಂದು ಕೂತವು. ಬಾಯಿ ತೆಗೆದೆ. ಆದರೆ ಮಾಸ್ತರರು ನನಗಿಂತ ಮೊದಲು, "ಅಂವಾ ಏನ ಮಾಡ್ಯಾನವಾ? ಅಂವಾ ಮಗ್ಗದಾಂವ. ಅವನ ಮೈಯಾಗೂ ಮುದುಕಿನ ಹೊಕ್ಕಾಳ," ಎಂದು ನನ್ನನ್ನು ಬಿಡಿಸಿಬಿಟ್ಟರು. ತೆಗೆದ ಬಾಯಿಗೆ ಚುರುಮುರಿ ಹಾಕಿಕೊಂಡೆ.

ಅಪ್ಪ ಮುದುಕಿಯನ್ನು ಕಬ್ಬಿಣದ ತೂಕಕ್ಕೆ ಹಳೆಯ ಸಾಮಾನು ಕೊಳ್ಳುವ ಮೋಡಕಾದವನಿಗೆ ಹಾಕಿದ. ಬಂಡಿಯ ಮೇಲೆ ಕಾಲು ಮೇಲೆ ಮಾಡಿಕೊಂಡು ಅದು ಓಣಿ ದಾಟಿ ಹೋಗುವುದನ್ನು ನೋಡುತ್ತ ನಿಂತೆ. ಅಷ್ಟು ವರ್ಷ ನಮಗೆ ಅನ್ನ ಹಾಕಿದ ಯಂತ್ರ. ಒಂದು ಗಾಲಿಯ ಹಲ್ಲು ಬದಲಿಸಿದ್ದರೆ ಸಾಕಾಗಿತ್ತು. ನನ್ನ ತಪ್ಪಿಗೆ ಶಿಕ್ಷೆ ಅನುಭವಿಸಿದ ಜೀವ ಅದೊಂದೇ.

ನೀಲಿ ಮತ್ತೆ ಪೇಟಿ ಹಿಡಿದಳು. ಇನ್ನು ಮನೆಯಲ್ಲಿ ಬೇಡವೆಂದು ರಬಕವಿಯ ಮಾಸ್ತರರ ಮನೆಗೇ ಹೋಗಿ ಕಲಿತಳು. ನನ್ನ ಹುದ್ದೆ ಹೋಯಿತು. ಮದುವೆಯಾಗಿ ಅವಳಿಗೆ ಜಮಖಂಡಿಯ ಮನೆಯಾಯಿತು. ಈಗ ಅಲ್ಲಿ ಮಾಳಿಗೆಯ ಮೇಲೆ ಓಣಿಯ ಮಕ್ಕಳಿಗೆ ಪೇಟಿ ಕಲಿಸುತ್ತಾಳೆ. ಹಬ್ಬ ಹುಣ್ಣಿಮೆಗೆ ಹೋದಾಗ ಅವಳ ಪೇಟಿ ನನ್ನ ಕಿವಿಯ ಮೇಲೆ ಬಿದ್ದದ್ದುಂಟು. ಬೀಳುವುದು ಬೇರೆ, ಕೇಳುವುದು ಬೇರೆ. ಆದರೆ ಒಂದನ್ನು ಕಣ್ಣಿನಿಂದ ಕಂಡಿದ್ದೇನೆ. ಇಷ್ಟು ನುಡಿಸುವವಳು, ಇವತ್ತಿಗೂ ನುಡಿಸುವಾಗ ಯಾರದಾದರೂ ಒಂದು ತಲೆಯನ್ನು ನೋಡುತ್ತಲೇ ಇರುತ್ತಾಳೆ. ತನ್ನ ಕಿವಿಯ ಮೇಲೆ ಅವಳಿಗೆ ನಂಬಿಕೆ ಬರಲೇ ಇಲ್ಲ.

ನನ್ನ ಮೇಲಿನ ನಂಬಿಕೆ ಮಾತ್ರ ಹೋಗಲಿಲ್ಲ. ಮಕ್ಕಳನ್ನು ಕರೆದುಕೊಂಡು ಬರುವ ತಂದೆತಾಯಿಗಳಿಗೆಲ್ಲ ಅವಳು ಹೇಳುವುದು ಒಂದೇ. "ನೀವೇನೂ ಮಾಡಬ್ಯಾಡ್ರಿ. ನಮ್ಮಣ್ಣನಂಗ ಮುಂದ ಕುಂತ ಕೇಳ್ರಿ. ತಲಿಗಿ ಟವೆಲ್ ಸುತ್ಕೊಂಡು, ಒಂದ ಮನಸ್ಸಿನಿಂದ ಕೇಳ್ತಿದ್ದ." ಹೀಗಾಗಿ ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಗುರುತು ಹಿಡಿಯುವವರು ಹುಟ್ಟಿಕೊಂಡರು. ಹುನ್ನೂರಿನ ಒಬ್ಬ ರೈತರು, ಮಗಳನ್ನು ನೀಲಿಯ ಹತ್ತಿರ ಹಾಕಿದವರು, ಒಂದು ದಿನ ಬೈಕ್ ನಿಲ್ಲಿಸಿ ಕೈ ಮುಗಿದರು.

"ಈರಣ್ಣಾರ, ದಿನಾ ಕುಂಡ್ರತೇನ್ರಿ. ಆದ್ರ ತಲಿ ಎಷ್ಟ ಹಾಕಬೇಕು ತಿಳಿವಲ್ದು. ಹೆಚ್ಚಾದ್ರ ಕುತಗಿ ಹಿಡಿತೈತ್ರಿ."

ನಾನು ಯೋಚಿಸಿ, "ಗ್ವಾಡಿಗಿ ಆನಬ್ಯಾಡ್ರಿ," ಅಂದೆ. ನನಗೆ ಗೊತ್ತಿದ್ದ ಸಂಗೀತವೆಲ್ಲ ಅಷ್ಟೇ. ಅವರು ದೊಡ್ಡ ಗುಟ್ಟು ಸಿಕ್ಕವರ ಹಾಗೆ ಹೋದರು.

ಅರಳೆಯ ಉಂಡೆ ಕಂಡು ಬಂದ ಮೇಲೆ, ಸಪ್ಪನೆಯ ಸಾರಿನ ಎಂಟನೆಯ ದಿನ, ಕಸ್ತೂರಿಗೆ ಎಲ್ಲ ಹೇಳಿದೆ. ತನ್ನ ಮಾತಿಗೆ ಅರಳೆ ಇಟ್ಟಿರಲಿಲ್ಲವೆಂದು ಕೇಳಿ ಅವಳ ಮುಖ ತಿಳಿಯಾಯಿತು. ನಂತರ ನಗು ಬಂತು. ನಕ್ಕು ಮುಗಿಸಿ, "ನನ್ನ ಮುಂದ ಹೇಳಿದ್ರ ಏನ ಬಂತ್ರಿ? ನೀಲವ್ವಗ ಹೇಳ್ರಿ," ಅಂದಳು. ಅದೇ ವಾರ ನೀಲಿಯ ಫೋನು ಬಂತು. ರವಿವಾರ ತಂದೆತಾಯಿಗಳನ್ನೆಲ್ಲ ಕರೆದಿದ್ದಾಳೆ. ಹೇಗೆ ಕೂತು ಕೇಳಬೇಕೆಂದು ನಾನು ಬಂದು ತೋರಿಸಬೇಕು.

ಹೋದೆವು. ಮೆಟ್ಟಿಲು ಹತ್ತಿ ನೋಡಿದೆ. ಕೂತ ಗಂಡಸರೆಲ್ಲ ತಲೆಗೆ ಟವೆಲ್ ಸುತ್ತಿ ಕಿವಿ ಮುಚ್ಚಿಕೊಂಡಿದ್ದರು. ಇಷ್ಟು ಜನರ ಮುಂದೆ ಆದರ್ಶ ಕೇಳುಗನ ಕಿವಿಯಲ್ಲಿ ಮಿಷನ್ ಕಂಡರೆ ಹೇಗೆ? ಬಾಗಿಲಲ್ಲೇ ಅದನ್ನು ತೆಗೆದು ಅಂಗಿಯ ಕಿಸೆಗೆ ಹಾಕಿದೆ. ಕಸ್ತೂರಿ ಕಣ್ಣು ಬಿಟ್ಟಳು. ನಾನು ನೋಡಲಿಲ್ಲ.

ನೀಲಿ ನನ್ನನ್ನು ಗೋಡೆಯ ಹತ್ತಿರ ಚಾಪೆಯ ಮೇಲೆ ಕೂಡಿಸಿದಳು. ಮುಂದೆ ಹುನ್ನೂರಿನವರ ಮಗಳು ಸೃಷ್ಟಿ ಪೇಟಿ ಇಟ್ಟುಕೊಂಡು ಕೂತಳು. ಎರಡು ಜಡೆ, ಮುಂದಿನ ಹಲ್ಲು ಒಂದಿಲ್ಲ. ತಿದಿ ಆಡಿತು, ಬೆರಳು ಆಡಿದವು. ನಾನು ಕಣ್ಣು ಅರ್ಧ ಮುಚ್ಚಿ ತಲೆ ಹಾಕಿದೆ. ಹಳೆಯ ಕೆಲಸ, ಮರೆತಿರಲಿಲ್ಲ. ಟವೆಲ್ಲುಗಳೆಲ್ಲ ನನ್ನ ಜೊತೆ ಆಡತೊಡಗಿದವು.

ಹುಡುಗಿ ನನ್ನ ತಲೆಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಬೆರಳು ಒಂದು ಕಡೆ ತಡವರಿಸಿತು. ಮತ್ತೆ ನಡೆದು ಮತ್ತೆ ತಡವರಿಸಿತು. ನೀಲಿಯ ಹುಬ್ಬು ಕೂಡಿದವು. ಆಗ ನನಗೆ ಬೆನ್ನಿನ ನೆನಪಾಯಿತು. ಗೋಡೆಗೆ ಆನಿಕೊಂಡಿದ್ದೆ. ಕೆಳಗೆ ಹಿಟ್ಟಿನ ಗಿರಣಿ ಇತ್ತು. ಅದರ ಬೆಲ್ಟಿಗೆ ಹಾಕಿದ ಜೋಡಣೆ ಪ್ರತಿ ಸುತ್ತಿಗೂ ಒಮ್ಮೆ ಧಡ್ ಎಂದು ನನ್ನ ಬೆನ್ನನ್ನು ಗುದ್ದುತ್ತಿತ್ತು. ಇಷ್ಟು ಹೊತ್ತು ನಾನು ಯಾರದೋ ಜೋಳಕ್ಕೆ ತಲೆ ಹಾಕುತ್ತಿದ್ದೆ.

ಹುಡುಗಿ ನಿಲ್ಲಿಸಿದಳು. ಕೈ ಎರಡೂ ತೊಡೆಯ ಮೇಲೆ ಇಟ್ಟುಕೊಂಡು, ತಲೆ ತಗ್ಗಿಸಿ, ಏನೋ ಅಂದಳು. ನನಗೆ ಕೇಳಿಸಲಿಲ್ಲ. ಕೇಳಿಸುವುದು ಬೇಕಾಗಿಯೂ ಇರಲಿಲ್ಲ. ಮಹಾಲಿಂಗಪುರದ ಬಸ್ಸಿನಲ್ಲಿ ನೋಡಿದ ಮುಖವೇ ಅದು. ತನ್ನ ಕಿವಿಯೇ ಕೆಟ್ಟಿದೆ ಎಂದು ಅವಳು ಅಷ್ಟೊತ್ತಿಗೆ ನಂಬಿಬಿಟ್ಟಿದ್ದಳು.

ನೀಲಿಯ ಕೈ ಹಿಡಿದು ಹತ್ತಿರ ಎಳೆದೆ. ಮೆಲ್ಲಗೆ, ಅವಳೊಬ್ಬಳಿಗೇ ಕೇಳುವ ಹಾಗೆ ಹೇಳಬೇಕೆಂದಿದ್ದೆ. ಮಿಷನ್ ಕಿಸೆಯಲ್ಲಿತ್ತು. ಕಿವುಡರಿಗೆ ತಮ್ಮ ದನಿಯ ಅಳತೆ ಇರುವುದಿಲ್ಲ. ನನ್ನ ಪಿಸುಮಾತು ಎಷ್ಟು ಗಟ್ಟಿಯಾಗಿತ್ತೆಂದರೆ ಕೆಳಗೆ ಗಿರಣಿಯವನು ಏನಾಯಿತೋ ಎಂದು ಗಿರಣಿ ನಿಲ್ಲಿಸಿದನಂತೆ, ಟವೆಲ್ಲುಗಳೆಲ್ಲ ಒಂದೊಂದೇ ಬಿಚ್ಚಿದವಂತೆ. ಆಮೇಲೆ ಕಸ್ತೂರಿ ಹೇಳಿದ್ದು.

"ನೀಲಿ, ನಿನ್ನ ಪೇಟಿ ನಾ ಒಂದ ದಿನಾನೂ ಕೇಳಿಲ್ಲವಾ. ಕಿವ್ಯಾಗ ಅರಳಿ ಇಟ್ಕೊಂಡ ಕುಂಡ್ರತಿದ್ದೆ. ಅವ್ವನ ಜಗಲಿ ಮ್ಯಾಲಿನ ಅರಳಿ. ಮುದುಕಿ ಏನೂ ಮಾಡಿಲ್ಲ, ಎಡವಿದ್ದು ನನ್ನ ತಲಿ. ಬಸ್ಸಿನ್ಯಾಗ ಸುಳ್ಳ ಹೇಳಿದೆ. ನಿನ್ನ ಕಿವಿ ಅವತ್ತೂ ಛಲೋ ಇತ್ತು, ಈ ಹುಡಿಗಿ ಕಿವೀನೂ ಛಲೋ ಐತಿ. ಕೆಟ್ಟದ್ದು ನಂದೊಂದ. ತಪ್ಪಾತ ತಂಗಿ. ತಪ್ಪಾತು. ತಡಿ, ಕಿಸೇದಾಗ ಮಿಷನ್ ಐತಿ, ಹಾಕ್ಕೋತೇನಿ. ಯಾರ ತಲೀನೂ ನೋಡದ ಒಮ್ಮೆ ನುಡಸು. ಕೇಳ್ತೇನಿ."